ಶಾಲು ತಿರುವಿಹಾಕಿ ನೋಡಿ

ಕಾಶ್ಮೀರಿ ಪಶ್ಮೀನಾ ಮಾರುವವರು ಮೊದಲು ತೋರಿಸುವುದು ಉಂಗುರದ ಆಟ. ಶಾಲನ್ನು ಉಂಗುರದೊಳಗಿಂದ ಸರ್ರನೆ ಎಳೆದು ‘ನೋಡಿ, ಅಸಲಿ’ ಅನ್ನುತ್ತಾರೆ. ಇದರಿಂದ ತಿಳಿಯುವುದು ಬಟ್ಟೆ ತೆಳ್ಳಗಿದೆ, ನುಣುಪಾಗಿದೆ ಎಂಬುದಷ್ಟೇ. ವಿಸ್ಕೋಸ್ ಎಂಬ ಕೃತಕ ನೂಲಿನ ತೆಳು ಶಾಲೂ ಹಾಗೆಯೇ ತೂರಿ ಬರುತ್ತದೆ. ಮೈತುಂಬ ಸೂಜಿಕೆಲಸವಿರುವ ಅಸಲಿ ಶಾಲು ನಡುವೆ ಸಿಕ್ಕಿಕೊಳ್ಳಲೂಬಹುದು. ಕೈಕೆಲಸದ ಗುಟ್ಟು ಇರುವುದು ಶಾಲಿನ ಹಿಂಬದಿಯಲ್ಲಿ. ಆದರೆ ಹಿಂಬದಿ ಓದಲು ಬರಬೇಕಾದರೆ ಎಳೆಯಿಂದಲೇ ಶುರುಮಾಡಬೇಕು.

ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿ 4,000 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಮೇಕೆಗಳಿಗೆ ಒರಟು ಕೂದಲಿನ ಅಡಿಯಲ್ಲಿ ಚಳಿಗಾಲಕ್ಕೆಂದೇ ಮೃದುವಾದ ಒಳತುಪ್ಪಳ ಬೆಳೆಯುತ್ತದೆ. ಚಳಿ ಕಳೆದು ಅದು ತಾನಾಗಿ ಸಡಿಲವಾದಾಗ ಬಾಚಿ ತೆಗೆಯುತ್ತಾರೆ. ಅದೇ ಪಶ್ಮೀನಾ. ಎಳೆಯ ದಪ್ಪ 12ರಿಂದ 16 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ನಮ್ಮ ದಖ್ಖನಿ ಕುರಿಯ ಕಂಬಳಿ ಉಣ್ಣೆ 30 ಮೈಕ್ರಾನ್ ದಾಟುತ್ತದೆ. ಎಳೆಯ ಬಿಗಿತ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣ: ದಪ್ಪ ಅರ್ಧವಾದರೆ ಬಿಗಿತ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಕಂಬಳಿಯ ಎಳೆತುದಿ ಚರ್ಮಕ್ಕೆ ಚುಚ್ಚುತ್ತದೆ, ಪಶ್ಮೀನಾದ್ದು ಮಣಿಯುತ್ತದೆ. (ಇದು ಕಂಬಳಿಯ ದೋಷವಲ್ಲ. ಮಳೆಯಲ್ಲಿ ಕುರಿ ಕಾಯಲು ಯಾರೂ ಪಶ್ಮೀನಾ ಹೊದ್ದು ಹೋಗುವುದಿಲ್ಲ.)

ಇಷ್ಟು ನವಿರಾದ, ಗಿಡ್ಡನೆಯ ಎಳೆ ಯಂತ್ರದ ಸೆಳೆತಕ್ಕೆ ತುಂಡಾಗುತ್ತದೆ. ಅದಕ್ಕೇ ಚರಕದ ಕೈನೂಲು. ಯಂತ್ರಕ್ಕೆ ಹಾಕಲೇಬೇಕೆಂದಾಗ ನೈಲಾನ್ ಬೆರೆಸಿ ನೂತು, ನೇಯ್ದು, ಆಮೇಲೆ ಆ ನೈಲಾನನ್ನು ಆಮ್ಲದಲ್ಲಿ ಕರಗಿಸುವುದುಂಟು. ಆಮ್ಲದ ಪೆಟ್ಟು ಉಣ್ಣೆಗೂ ತಗಲುತ್ತದೆ. ಅಂಥ ಬಟ್ಟೆಯ ಮೇಲೆ ಎಷ್ಟೇ ಚಂದದ ಸೂಜಿಕೆಲಸವಾದರೂ ಬಾಳಿಕೆ ಕಡಿಮೆ.

ಈಗ ಸೂಜಿಗೆ ಬರೋಣ. ಪಾರ್ಸಿ ಭಾಷೆಯಲ್ಲಿ ಸೂಜಿಗೆ ‘ಸೋಜನ್’. ಅದರಿಂದಲೇ ಈ ಕಸೂತಿಗೆ ‘ಸೋಜ್ನಿ’ ಎಂಬ ಹೆಸರು. ನಕ್ಕಾಶ್ ಚಿತ್ತಾರ ಬಿಡಿಸುತ್ತಾನೆ. ಅದನ್ನು ಕೆತ್ತಿದ ಮರದಚ್ಚಿನಿಂದ ಬಟ್ಟೆಗೆ ಮೂಡಿಸುತ್ತಾರೆ. ಮುಂದಿನ ಕೆಲಸಕ್ಕೆ ಚೌಕಟ್ಟು ಇಲ್ಲ. ಬಟ್ಟೆ ಮಡಿಲಲ್ಲಿ, ಎಡಗೈ ಬೆರಳ ಮೇಲೆ. ಸೂಜಿ ಹಾಸಿನ ಕೆಲವೇ ಎಳೆಗಳನ್ನು ಮೇಲಿಂದ ಎತ್ತಿಕೊಂಡು ಮುಂದೆ ಸರಿಯುತ್ತದೆ. ಆಳಕ್ಕೆ ಚುಚ್ಚಿ ದಾರ ಬಿಗಿದರೆ ಹಾಸುಹೊಕ್ಕಿನ ಅಲೆಯಾಕಾರ ಅಲ್ಲಿ ಹಿಂಡಿಹೋಗಿ ಹೂವಿನ ಸುತ್ತ ಬಟ್ಟೆ ನಿರಿಗೆಗಟ್ಟುತ್ತದೆ. ಈ ನಿರಿಗೆ ಇಸ್ತ್ರಿಗೆ ಬಗ್ಗುವುದಿಲ್ಲ, ಒಗೆದ ಮೇಲೆ ಇನ್ನೂ ಹೆಚ್ಚುತ್ತದೆ. ಕಾರಣ ನೀರು: ನೆನೆದ ಉಣ್ಣೆ ಎಳೆ ಅಡ್ಡಕ್ಕೆ ಶೇ 16ರಷ್ಟು ಉಬ್ಬುತ್ತದೆ, ಉದ್ದಕ್ಕೆ ಹಿಗ್ಗುವುದು ಶೇ 1ರ ಆಸುಪಾಸು. ಕಸೂತಿ ದಾರ ಬೇರೆ ಜಾತಿಯದಾದರೆ ಅದರ ಲೆಕ್ಕವೂ ಬೇರೆ. ಒಣಗುವಾಗ ಎರಡೂ ಪರಸ್ಪರ ಜಗ್ಗುತ್ತವೆ. ನೆಲಬಟ್ಟೆಗಿಂತ ಒರಟು ದಾರ ಬೇಡ ಅನ್ನುವುದು ಇದಕ್ಕೇ.

ಶಾಲಿನ ತುಂಬ ಸೂಜಿಕೆಲಸ ಹಬ್ಬಿದ್ದರ ಹಿಂದೆ ತೆರಿಗೆಯ ಕೈಯೂ ಇದೆ. 1803ರಲ್ಲಿ ಕಾಶ್ಮೀರಕ್ಕೆ ಬಂದ ಅರ್ಮೇನಿಯನ್ ವ್ಯಾಪಾರಿ ಖ್ವಾಜಾ ಯೂಸುಫ್, ಮಗ್ಗದಲ್ಲೇ ಹೂ ನೇಯುವ ದುಬಾರಿ ಕಾನಿ ಶಾಲಿನ ವಿನ್ಯಾಸವನ್ನು ಸೂಜಿಯಲ್ಲಿ ಅನುಕರಿಸಬಹುದೆಂದು ಕಂಡುಕೊಂಡ. ಮಗ್ಗದ ಶಾಲಿಗಿದ್ದ ಸುಂಕ ಆಗ ಇದಕ್ಕೆ ಇರಲಿಲ್ಲ.

ಇನ್ನು ಹಿಂಬದಿ. ಮುಂದೆ ಸರಪಳಿಯಂಥ ಕುಣಿಕೆಗಳ ಸಾಲಿದ್ದರೆ ಅದು ಕೊಕ್ಕೆಸೂಜಿಯ ‘ಆರಿ’ ಕೆಲಸ. ಕೈಕೆಲಸವೇ, ಆದರೆ ಬೇಗ ಮುಗಿಯುವಂಥದ್ದು. ಹಿಂದೆ ಎಲ್ಲ ಬಣ್ಣಗಳ ಅಡಿಯಲ್ಲೂ ಒಂದೇ ಬಣ್ಣದ ಬಾಬಿನ್ ದಾರ ಓಡಿದ್ದರೆ ಬಹುತೇಕ ಯಂತ್ರದ್ದು. ಸೋಜ್ನಿಯಲ್ಲಿ ಮುಂದಿನ ಬಣ್ಣವೇ ಹಿಂದೆ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ, ಹೊಲಿಗೆಗಳ ಉದ್ದ ಕೊಂಚ ಹೆಚ್ಚುಕಡಿಮೆ. ‘ದೋರುಖಾ’ ಶಾಲಿಗೆ ಎರಡೂ ಬದಿ ಮುಖವೇ. ನಮ್ಮ ಧಾರವಾಡದ ಕಸೂತಿಯ ಗವಂತಿ ಹೊಲಿಗೆಯೂ ಗಂಟಿಲ್ಲದೆ ಎರಡೂ ಬದಿ ಒಂದೇ ತೆರ. ಆದರೆ ಅಲ್ಲಿ ಅಚ್ಚಿಲ್ಲ, ಎಳೆ ಎಣಿಸಿಯೇ ಹೂ.

ಎಳೆ ಪಶ್ಮೀನಾವೇ ಎಂಬುದನ್ನು ಮಾತ್ರ ಹಿಂಬದಿಯೂ ಹೇಳದು. ಸುಟ್ಟರೆ ಯಾವ ಉಣ್ಣೆಯಾದರೂ ಕೂದಲಿನ ವಾಸನೆಯೇ. ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಕಾಶ್ಮೀರ ಪಶ್ಮೀನಾಕ್ಕೆ 2008ರಲ್ಲಿ ಭೌಗೋಳಿಕ ಸೂಚಕ (ಜಿಐ), ಅಂದರೆ ಹುಟ್ಟಿದ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ. ಶಾಲಿಗೆ ಆ ಜಿಐ ಚೀಟಿ ಇದೆಯೇ ಎಂದು ಕೇಳಿ ನೋಡಿ.

ಮನೆಗೆ ತಂದ ಮೇಲೆ ಮೊದಲ ಶತ್ರು ಬಟ್ಟೆಸೋಪು. ಅದರ ಕ್ಷಾರ ಉಣ್ಣೆಯ ಮೂಲ ಪ್ರೋಟೀನಾದ ಕೆರಾಟಿನ್ ಅನ್ನು ಸಡಿಲಿಸುತ್ತದೆ. ಬಿಸಿನೀರು, ಉಜ್ಜಾಟ ಸೇರಿದರೆ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಕೊಕ್ಕೆಹಾಕಿಕೊಂಡು ಶಾಲು ಕುಗ್ಗಿ ಜಮಖಾನೆಯಾಗುತ್ತದೆ. ತಣ್ಣೀರು, ಅಂಟುವಾಳದ ತಿಳಿನೊರೆ ಸಾಕು. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ. ಆದರೆ ದಾರದ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಮೊದಲೇ ನೋಡಿಕೊಳ್ಳಿ. ಬಿಟ್ಟರೆ ನೀರಿಗೆ ಹಾಕಬೇಡಿ.

ಎರಡನೆಯದು ನುಸಿ. ಶಾಲು ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಕೆರಾಟಿನ್ ಕೊಂಡಿಗಳನ್ನು ಮುರಿದು ಜೀರ್ಣಿಸುವ ರಸ ಅದರ ಹೊಟ್ಟೆಯಲ್ಲಿದೆ. ಬೆವರು, ಕಲೆ ಇರುವ ಜಾಗವೆಂದರೆ ಅದಕ್ಕೆ ಇಷ್ಟ, ಹಾಗಾಗಿ ಕೊಳೆಯಾದ ಶಾಲನ್ನು ಎತ್ತಿಡಬಾರದು. ಹುಳದ ಗುಮಾನಿಯಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರದೂಡಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ, ಇಲ್ಲದಿದ್ದರೆ ಗಾಳಿಯ ತೇವವೆಲ್ಲ ಇಬ್ಬನಿಯಂತೆ ಶಾಲಿನ ಮೇಲೇ ಕೂರುತ್ತದೆ.