ಹಿಮ್ಮಡಿಗೆ ಬೇಕಾದ ತಿಂಗಳುಗಳು

2011ರ ಜುಲೈ ಕೊನೆಯ ವಾರ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ತಂಡಗಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಇದು ನಾವಾಡುವ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಮಾಲೀಕರಿಗೂ ಆಟಗಾರರಿಗೂ ದುಡ್ಡಿನ ಹಂಚಿಕೆಯ ಜಗಳ ಹತ್ತಿ, ಮಾರ್ಚ್ 12ರಿಂದ ಲಾಕೌಟ್ ಆಗಿತ್ತು. ಸುಮಾರು ನಾಲ್ಕೂವರೆ ತಿಂಗಳು ಆಟಗಾರರಿಗೆ ತಂಡದ ಜಿಮ್ ಇಲ್ಲ, ಕೋಚ್ ಇಲ್ಲ, ತಂಡದ ಡಾಕ್ಟರೂ ಇಲ್ಲ. ಜುಲೈ 25ಕ್ಕೆ ರಾಜಿಯಾಯಿತು. ಅದರ ಬೆನ್ನಿಗೇ ತರಬೇತಿ ಶಿಬಿರಗಳು ಶುರುವಾದವು.

ಅಭಿಮಾನಿಗಳ ಕಣ್ಣು ಆಗ ಯಾರು ಬಂದರು, ಯಾರು ಹೋದರು ಅನ್ನೋದರ ಮೇಲಿತ್ತು. ತಿಂಗಳುಗಟ್ಟಲೆ ನಡೆಯಬೇಕಿದ್ದ ಕೊಡುಕೊಳ್ಳುವಿಕೆ ಕೆಲವೇ ದಿನಗಳಲ್ಲಿ ನಡೆದುಹೋಯಿತು. ಫಿಲಡೆಲ್ಫಿಯಾ ಈಗಲ್ಸ್ ತಂಡವಂತೂ ನಾಮ್ಡಿ ಅಸೊಮುಗಾ, ಜೇಸನ್ ಬೇಬಿನ್ ಹೀಗೆ ಹೆಸರುವಾಸಿಗಳನ್ನೇ ಬಾಚಿಕೊಂಡಿತು. ಹೊಸದಾಗಿ ಸೇರಿದ್ದ ವಿನ್ಸ್ ಯಂಗ್ ಇದನ್ನು ‘ಡ್ರೀಮ್ ಟೀಮ್’ ಎಂದರು. ಆ ತಂಡ ಎಂಟು ಪಂದ್ಯ ಗೆದ್ದು, ಎಂಟು ಸೋತು, ಪ್ಲೇಆಫ್‌ಗೂ ಹೋಗಲಿಲ್ಲ.

ಆದರೆ ನನ್ನನ್ನು ಹಿಡಿದಿಟ್ಟ ಲೆಕ್ಕ ಬೇರೆಯೇ ಇದೆ. ಶಿಬಿರದ ಮೊದಲ 12 ದಿನಗಳಲ್ಲಿ, ಲೀಗ್‌ನಾದ್ಯಂತ 10 ಆಟಗಾರರ ಅಕಿಲಿಸ್ ಟೆಂಡನ್‌ಗೆ, ಅಂದರೆ ಹಿಮ್ಮಡಿಯ ಹಿಂದಿನ ಹುರಿಗೆ, ಪೆಟ್ಟಾಯಿತು. ಮುಂದಿನ 17 ದಿನಗಳಲ್ಲಿ ಇನ್ನಿಬ್ಬರು. ಹಳೆಯ ದಾಖಲೆ ನೋಡಿದರೆ, 1997ರಿಂದ 2002ರವರೆಗೆ ಇಡೀ ಲೀಗ್‌ನಲ್ಲಿ ಈ ಟೆಂಡನ್ ಹರಿದ ಪ್ರಕರಣಗಳು 31. ಅಂದರೆ ವರ್ಷಕ್ಕೆ ಸುಮಾರು ಐದು. ಸಂಶೋಧಕ ಗ್ರೆಗರಿ ಮೈಯರ್ ಮತ್ತು ಸಂಗಡಿಗರು 2011ರಲ್ಲೇ ಇದನ್ನು ಬರೆದು, ಲಾಕೌಟ್ ಕಡೆಗೆ ಬೆರಳು ತೋರಿಸಿದರು. 12 ಚಿಕ್ಕ ಸಂಖ್ಯೆಯೇ. ಅಷ್ಟರಿಂದಲೇ ಕಾರಣ ಸಾಬೀತಾಗುವುದಿಲ್ಲ. ಆದರೂ ಟೆಂಡನ್ ಕೆಲಸ ಮಾಡುವ ರೀತಿ ಗೊತ್ತಾದರೆ, ಅವರ ಅನುಮಾನ ಸುಮ್ನೆ ಬಂದದ್ದಲ್ಲ ಅನ್ನಿಸುತ್ತದೆ.

ಒಂದು ಕೆಲಸ ಮಾಡಿ. ಹಿಮ್ಮಡಿಯ ಹಿಂದೆ, ಸ್ವಲ್ಪ ಮೇಲೆ ಎರಡು ಬೆರಳಿಟ್ಟು ತುದಿಗಾಲಲ್ಲಿ ನಿಲ್ಲಿ. ಬೆರಳಿಗೆ ಸಿಗುವ ಗಟ್ಟಿ ಹುರಿಯೇ ಅಕಿಲಿಸ್ ಟೆಂಡನ್. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವುದು ಇದೇ. ದೇಹದಲ್ಲೇ ಅತಿ ದಪ್ಪನೆಯ ಟೆಂಡನ್ ಇದು. ಓಡುವಾಗ ದೇಹದ ತೂಕದ ಹಲವು ಪಟ್ಟು ಎಳೆತ ಇದರ ಮೇಲೆ ಬೀಳುತ್ತದೆ. ಹರಿದಾಗ, ಯಾರೋ ಹಿಂದಿನಿಂದ ಒದ್ದಂತಾಯಿತು ಎಂದು ಆಟಗಾರರು ಹೇಳುತ್ತಾರೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಡಾಕ್ಟರು ಬಂದು, ಬೋರಲು ಮಲಗಿಸಿ, ಮೀನಖಂಡ ಹಿಸುಕುತ್ತಾರೆ. ಟೆಂಡನ್ ಸರಿಯಿದ್ದರೆ ಪಾದ ಅಲುಗುತ್ತದೆ. ಹರಿದಿದ್ದರೆ ಅಲುಗುವುದಿಲ್ಲ.

ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಬಿಟ್ಟ ವ್ಯಾಯಾಮ ಮತ್ತೆ ಶುರು ಮಾಡಿದರೆ ಕೆಲವೇ ವಾರಗಳಲ್ಲಿ ಶಕ್ತಿ ಮರಳುತ್ತದೆ. ಟೆಂಡನ್ ಹಾಗಲ್ಲ. ಅದರಲ್ಲಿ ರಕ್ತವೂ ಕಡಿಮೆ, ಜೀವಕೋಶಗಳೂ ಕಡಿಮೆ. ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಅದು ಎಷ್ಟು ನಿಧಾನ ಅನ್ನೋದನ್ನು ಡೆನ್ಮಾರ್ಕ್‌ನ ಸಂಶೋಧಕರು ಒಂದು ಅಚ್ಚರಿಯ ದಾರಿಯಲ್ಲಿ ಕಂಡುಕೊಂಡರು. 1950 ಮತ್ತು 60ರ ದಶಕಗಳಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ಜಾಸ್ತಿಯಾಯಿತು. 1963ರಲ್ಲಿ ಬಯಲು ಪರೀಕ್ಷೆಗಳ ನಿಷೇಧ ಬಂದ ಮೇಲೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಯಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ಮೈಗೆ. ಹಾಗಾಗಿ ಒಂದು ಅಂಗಾಂಶದಲ್ಲಿ ಕಾರ್ಬನ್-14 ಎಷ್ಟಿದೆ ಎಂದು ಅಳೆದರೆ, ಅದು ಯಾವ ಕಾಲದಲ್ಲಿ ಕಟ್ಟಿದ್ದು ಎಂದು ಹೇಳಬಹುದು. ಬೇರೆ ಬೇರೆ ವಯಸ್ಸಿನವರ ಅಕಿಲಿಸ್ ಟೆಂಡನ್‌ನ ಒಳತಿರುಳನ್ನು ಹೀಗೆ ಅಳೆದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಆ ತಿರುಳು ಹದಿನೇಳರ ಸುಮಾರಿಗೆ ಕಟ್ಟಿ ಮುಗಿಯುತ್ತದೆ, ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ. ಮೂವತ್ತರ ಆಟಗಾರ ಓಡುವುದು ಹೈಸ್ಕೂಲು ದಿನಗಳ ಟೆಂಡನ್ ಮೇಲೆ!

ಹಾಗಂತ ಅದಕ್ಕೆ ವ್ಯಾಯಾಮದಿಂದ ಏನೂ ಆಗುವುದಿಲ್ಲ ಎಂದಲ್ಲ. ಭಾರವಾದ ಎಳೆತವನ್ನು ಮತ್ತೆ ಮತ್ತೆ, ನಿಧಾನವಾಗಿ ಕೊಟ್ಟರೆ ಟೆಂಡನ್ ಬಿಗಿಯಾಗುತ್ತದೆ. ಆದರೆ ಅದಕ್ಕೆ ತಿಂಗಳುಗಳು ಬೇಕು. ಸ್ನಾಯು ಮುಂದೆ ಓಡಿ ಟೆಂಡನ್ ಹಿಂದುಳಿದಾಗಲೇ ಭಯ. ಆಟಗಾರನಿಗೆ ತನ್ನ ಕಾಲು ತಯಾರಾಗಿದೆ ಎಂದೇ ಅನ್ನಿಸುತ್ತಿರುತ್ತದೆ.

ಈಗಿನ ಆಫ್‌ಸೀಸನ್ (ಪಂದ್ಯಗಳಿಲ್ಲದ ತಿಂಗಳುಗಳ) ತರಬೇತಿಯನ್ನು ಈ ಕಣ್ಣಿಂದ ನೋಡಿದರೆ ಅದರ ಮೆಟ್ಟಿಲುಗಳಿಗೆ ಅರ್ಥ ಸಿಗುತ್ತದೆ. ಒಟ್ಟು ಒಂಬತ್ತು ವಾರ. ಮೊದಲ ಎರಡು ವಾರ ಭಾರ ಎತ್ತುವುದು, ಮೈ ಹದಗೊಳಿಸುವುದು. ನಂತರದ ಮೂರು ವಾರ ಮೈದಾನದಲ್ಲಿ ಎದುರಾಳಿಯಿಲ್ಲದೆ ಅಭ್ಯಾಸ. ಕೊನೆಯ ನಾಲ್ಕು ವಾರಗಳಲ್ಲಿ ತಂಡವಾಗಿ ಆಡಲು 10 ದಿನ, ಅದೂ ಡಿಕ್ಕಿ ಹೊಡೆಯದೆ. ಚಡ್ಡಿ ಹಾಕಿಕೊಂಡು ಓಡಾಡುವ ಈ ದಿನಗಳ ಸುದ್ದಿ ಯಾರಿಗೂ ರುಚಿಸುವುದಿಲ್ಲ. ನನಗೆ ಮಾತ್ರ ಹೊಸ ಆಟಗಾರನ ಸಹಿಗಿಂತ ಇದೇ ದೊಡ್ಡ ಸುದ್ದಿ. ಇದಕ್ಕೆ ಅಡ್ಡಬರುವುದು ತಂಡದ ಪಟ್ಟಿಯ ಒತ್ತಡ. ಶಿಬಿರಕ್ಕೆ ಬರುವ 90 ಜನರಲ್ಲಿ ಕೊನೆಗೆ ಉಳಿಯುವುದು 53. ಅಂಥ ಪೈಪೋಟಿಯಲ್ಲಿ, ಮೀನಖಂಡ ಯಾಕೋ ಹಿಡಿದುಕೊಳ್ತಿದೆ ಎಂದು ಬಾಯಿಬಿಡುವ ಧೈರ್ಯ ಎಷ್ಟು ಜನರಿಗೆ ಬಂದೀತು?

ಎಲ್ಲ ಸರಿಯಿದ್ದೂ ಕೈಕೊಡುವುದುಂಟು. 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ಹೆಸರಾಂತ ಆಟಗಾರ ಏರನ್ ರಾಜರ್ಸ್ ಅವರನ್ನು ಗ್ರೀನ್ ಬೇ ತಂಡದಿಂದ ಕರೆತಂದಿತು. ಆಗ ಅವರಿಗೆ 39. ಮೇ ತಿಂಗಳ ಅಭ್ಯಾಸದಲ್ಲಿ ಮೀನಖಂಡ ಸ್ವಲ್ಪ ಉಳುಕಿತ್ತು. ಸೆಪ್ಟೆಂಬರ್ 11ರಂದು ಬಫಲೋ ಬಿಲ್ಸ್ ಎದುರು, ಜೆಟ್ಸ್ ಪರ ಅವರ ಮೊದಲ ಪಂದ್ಯದಲ್ಲೇ, ನಾಲ್ಕನೆಯ ಸಲ ಚೆಂಡು ಆಟಕ್ಕೆ ಬಂದಾಗಲೇ ಎಡಗಾಲಿನ ಅಕಿಲಿಸ್ ಹರಿಯಿತು. ಆ ಉಳುಕಿಗೂ ಇದಕ್ಕೂ ನಂಟಿತ್ತು ಎಂದು ಹೇಳಲು ಆಧಾರವಿಲ್ಲ. ವಯಸ್ಸು, ಕೃತಕ ಹುಲ್ಲು, ಕಾಲು ಊರಿದ ಕೋನ ಎಲ್ಲವೂ ಚರ್ಚೆಗೆ ಬಂದವು. ಎಲ್ಲ ಮೈದಾನಗಳಲ್ಲೂ ನಿಜವಾದ ಹುಲ್ಲು ಬೇಕು ಅನ್ನೋ ಕೂಗನ್ನು ಆಟಗಾರರ ಸಂಘ ಆ ವಾರವೇ ಮತ್ತೆ ಎತ್ತಿತು. ರಾಜರ್ಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ಸೀಸನ್‌ನಲ್ಲಿ ಮತ್ತೆ ಪಂದ್ಯ ಆಡಲಿಲ್ಲ. ಒಂದು ಇಡೀ ಆಫ್‌ಸೀಸನ್ ಕಳೆದು, ನಲವತ್ತರ ವಯಸ್ಸಿನಲ್ಲಿ 2024ರ ಸೀಸನ್ ಶುರು ಮಾಡಿ, ಅದರ 17 ಪಂದ್ಯಗಳಲ್ಲೂ ಕಣಕ್ಕಿಳಿದರು.