ಆಡೋಕೆ ಹೋಗು ಅಂದರೆ ಅಳುತ್ತಾನೆ, ಬಲವಂತ ಮಾಡಬೇಕಾ?

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಹೋದ ವರ್ಷದವರೆಗೆ ದಿನಾ ಸಂಜೆ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಈಗ ಸ್ಕೂಲಿನಿಂದ ಬಂದವನೇ ಮೊಬೈಲ್ ಹಿಡಿದು ಸೋಫಾ ಮೂಲೆ ಸೇರುತ್ತಾನೆ. ಹೊರಗೆ ಹೋಗು ಅಂದರೆ ಸಿಡುಕುತ್ತಾನೆ, ಜೋರು ಮಾಡಿದರೆ ಅಳುತ್ತಾನೆ. ಸ್ವಲ್ಪ ದಪ್ಪ ಬೇರೆ ಆಗಿದ್ದಾನೆ. ಅವರಪ್ಪ ಚಿಕ್ಕಂದಿನಲ್ಲಿ ಕುಸ್ತಿ ಆಡಿದವರು, ಗರಡಿಮನೆಗೆ ಸೇರಿಸೋಣ ಅಂತಾರೆ. ಬಲವಂತವಾಗಿ ಕಳಿಸಬೇಕಾ? ಅಥವಾ ಸೈಕಲ್ ಕೊಡಿಸಿದರೆ ಸರಿಹೋಗುತ್ತಾನಾ?

ಉತ್ತರ: ಬಲವಂತ ಬೇಡಮ್ಮ. ಹಾಗಂತ ಅವನ ಪಾಡಿಗೆ ಬಿಟ್ಟುಬಿಡುವುದೂ ಬೇಡ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಮೊಬೈಲ್ ಮೇಲಲ್ಲ, ‘ಹೋದ ವರ್ಷದವರೆಗೆ ಆಡುತ್ತಿದ್ದ’ ಅನ್ನೋ ಮಾತಿನ ಮೇಲೆ. ಮೊದಲಿಂದಲೂ ಆಟ ಬೇಡ ಅನ್ನುವ ಮಗು ಬೇರೆ, ಆಡುತ್ತಿದ್ದು ಬಿಟ್ಟ ಮಗು ಬೇರೆ. ಬಿಟ್ಟಿದ್ದಾನೆ ಅಂದರೆ ಅಲ್ಲಿ ಏನೋ ಆಗಿರುವ ಸಾಧ್ಯತೆ ಜಾಸ್ತಿ. ಮೊಬೈಲ್ ಆಮೇಲೆ ಬಂದು ಆ ಖಾಲಿ ಜಾಗದಲ್ಲಿ ಕೂತಿರಬಹುದು.

ನಾನು ಬಹಳ ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ನನ್ನದೇ ಒಂದು ತಪ್ಪು ಹೇಳುತ್ತೇನೆ. ಖೋ ಖೋ ಆಡಿಸುವಾಗ ಇಬ್ಬರು ಚುರುಕು ಹುಡುಗರನ್ನು ನಾಯಕರನ್ನಾಗಿ ಮಾಡಿ, ‘ನಿಮಗೆ ಬೇಕಾದವರನ್ನು ಆರಿಸ್ಕೊಳ್ಳಿ’ ಅಂತ ಬಿಡುತ್ತಿದ್ದೆ. ಒಬ್ಬ ಹುಡುಗ, ಆರಿಸೋ ಹೊತ್ತಿಗೆ ಸರಿಯಾಗಿ ಬಗ್ಗಿ ಶೂ ಲೇಸ್ ಕಟ್ಟುತ್ತಾ ಕೂರುತ್ತಿದ್ದ. ಇವನದು ಯಾವಾಗಲೂ ಇದೇ ಗೋಳು ಅಂದುಕೊಂಡು ಎಷ್ಟೋ ಸಲ ಬೈದಿದ್ದೇನೆ. ಒಂದಿನ ಹತ್ತಿರ ಹೋಗಿ ನೋಡಿದರೆ ಲೇಸ್ ಬಿಗಿಯಾಗೇ ಇತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯೋದು ತಾನೇ ಅಂತ ಅವನಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಯಾರ ಮುಖವನ್ನೂ ನೋಡದೆ ಇರೋಕೆ ಅವನು ಕಂಡುಕೊಂಡ ದಾರಿ ಅದು. ಅವತ್ತಿನಿಂದ ಆರಿಸೋ ಪದ್ಧತಿ ಬಿಟ್ಟೆ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸಿ ತಂಡ ಮಾಡತೊಡಗಿದೆ. ಇದು ಹೊಳೆಯೋಕೆ ನನಗೆ ಅಷ್ಟು ವರ್ಷ ಬೇಕಾಯ್ತಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ.

ನಿಮ್ಮ ಮಗನಿಗೂ ಇಂಥದ್ದೇನಾದರೂ ಆಗಿದೆಯಾ ಅಂತ ನೋಡಿ. ಎದುರು ಕೂರಿಸಿಕೊಂಡು ‘ಯಾಕೆ ಹೋಗಲ್ಲ, ಹೇಳು’ ಅಂದರೆ ಬಾಯಿ ಬಿಡುವುದಿಲ್ಲ. ಸಂಜೆ ಮಂಡಕ್ಕಿ ತರೋಕೆ ಅಂತ ಜೊತೆಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಸುಮ್ನೆ ಕೇಳಿ: ಈಗ ಆಟಕ್ಕೆ ಯಾರ್ಯಾರು ಬರ್ತಾರೆ? ಬ್ಯಾಟ್ ಯಾರದು? ಔಟ್ ಅಂತ ಹೇಳೋದು ಯಾರು? ಮಕ್ಕಳು ಪಕ್ಕದಲ್ಲಿ ನಡೆಯುವಾಗ ಎದುರು ಕೂತಾಗಿಗಿಂತ ಜಾಸ್ತಿ ಮಾತಾಡುತ್ತಾರೆ. ಯಾವ ಹೆಸರು ಬಂದಾಗ ಮಾತು ನಿಲ್ಲುತ್ತದೆ ಅನ್ನೋದನ್ನು ಗಮನಿಸಿ, ಅಷ್ಟೇ. ಹೆಚ್ಚಿನ ಸಲ ಅದು ಒಂದು ಅಡ್ಡಹೆಸರೋ, ಬೌಲಿಂಗ್ ಸಿಗದೆ ಬರೀ ಬಾಲ್ ಹೆಕ್ಕೋ ಕೆಲಸವೋ ಆಗಿರುತ್ತದೆ. ನಮಗೆ ಚಿಕ್ಕದು, ಅವನಿಗಲ್ಲ.

ಇನ್ನು ‘ದಪ್ಪ’ ಅನ್ನೋ ಪದ. ಅವನ ಕಿವಿಗೆ ಬೀಳುವಂತೆ ಅದನ್ನು ಆಡಬೇಡಿ. ಮದುವೆ ಮನೆಯಲ್ಲಿ ಅತ್ತೆಯೋ ಚಿಕ್ಕಪ್ಪನೋ ಕೆನ್ನೆ ಹಿಂಡಿ ಏನಾದರೂ ಅಂದರೆ ಮಾತು ತಿರುಗಿಸಿ. ತೂಕ ಇಳಿಸೋಕೆ ಓಡು ಅಂದರೆ ಓಟ ಶಿಕ್ಷೆಯಾಗುತ್ತದೆ. ತಪ್ಪು ಮಾಡಿದವರಿಗೆ ಮೈದಾನ ಐದು ಸುತ್ತು ಓಡಿಸುವ ಮೇಷ್ಟ್ರುಗಳು ಮಾಡಿದ್ದೂ ಅದೇ ಕೆಲಸ. ನಾನೂ ಮಾಡಿದ್ದೇನೆ.

ಎಷ್ಟು ಆಟ ಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು. ವಾರದಲ್ಲಿ ಮೂರು ದಿನವಾದರೂ ಎಲುಬು, ಸ್ನಾಯು ಗಟ್ಟಿಯಾಗುವ ನೆಗೆತ, ಹತ್ತುವುದು, ಜೋತಾಡುವುದು ಇರಬೇಕು. 60 ನಿಮಿಷ ಅಂದ ತಕ್ಷಣ ಗಾಬರಿ ಬೇಡ, ಒಂದೇ ಸಲಕ್ಕೆ ಆಗಬೇಕು ಅಂತೇನಿಲ್ಲ. ಸ್ಕೂಲಿಗೆ ಚುರುಕಾಗಿ ನಡೆದದ್ದು, ತಂಗಿ ಜೊತೆ ಕುಂಟಾಬಿಲ್ಲೆ ಆಡಿದ್ದು, ಲಗೋರಿ, ಎಲ್ಲ ಲೆಕ್ಕಕ್ಕೆ ಸೇರುತ್ತದೆ. ಸುಲಭದ ಅಳತೆ ಒಂದಿದೆ. ಆಡುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ಉಸಿರು ಏರಿದರೆ ಸಾಕು.

ಹೀಗೆ ಮೈ ದಣಿದ ಮಗುವಿಗೆ ನಿದ್ದೆ ಬೇಗ ಹತ್ತುತ್ತದೆ. ಈ ವಯಸ್ಸಿಗೆ ರಾತ್ರಿ 9ರಿಂದ 12 ಗಂಟೆ ನಿದ್ದೆ ಬೇಕು. ಅದು ಕಮ್ಮಿಯಾದರೆ ಮರುದಿನದ ಸಿಡುಕು, ಅಳು ನಿಮಗೇ ಗೊತ್ತು. ಎಷ್ಟೋ ಮನೆಯಲ್ಲಿ ‘ಹಟಮಾರಿ’ ಅನ್ನಿಸಿಕೊಂಡವನು ಬರೀ ನಿದ್ದೆಗೆಟ್ಟವನು.

ನನ್ನ ಮೊಮ್ಮಗ ಬೀದಿ ತುದಿಯ ಅಂಗಡಿಗೆ ಹೋಗು ಅಂದರೂ ‘ಅಜ್ಜಾ, ಕಾಲು ನೋವು’ ಅನ್ನುತ್ತಿದ್ದ. ಒಂದು ಡಿಸೆಂಬರ್ ಭಾನುವಾರ ಬೆಳಿಗ್ಗೆ ಅವನನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದೆ. ವ್ಯಾಯಾಮ ಅನ್ನೋ ಪದವನ್ನೇ ಎತ್ತಲಿಲ್ಲ. ಮೊದಲ ಬಾಗಿಲಲ್ಲೇ ಓಟ ಶುರು. ಏಕನಾಥೇಶ್ವರಿ ಗುಡಿ ದಾಟಿ ತುಪ್ಪದ ಕೊಳದ ಹತ್ತಿರ ಬಂದಾಗ, ಬಂಡೆಯಲ್ಲಿ ಕೊರೆದ ಸಣ್ಣ ಸಣ್ಣ ಹೆಜ್ಜೆಗುಳಿಗಳನ್ನು ನೋಡಿ ನಿಂತ. ಕೈ ಊರಿ ನಾಲ್ಕು ಹೆಜ್ಜೆ ಹತ್ತಿದ, ಹೆದರಿದ, ಇಳಿದ. ನಾನು ಹಿಂದೆಯೇ ಇದ್ದೆ, ಏನೂ ಅನ್ನಲಿಲ್ಲ. ಮತ್ತೆ ಹತ್ತಿದ. ಎರಡನೇ ಸಲ ಆರು ಹೆಜ್ಜೆ. ಅದನ್ನು ಅವನೇ ಎಣಿಸಿ ಹೇಳಿದ್ದು. ಓಬವ್ವನ ಕಿಂಡಿಯಲ್ಲಿ ಅದೆಷ್ಟು ಸಲ ಬಗ್ಗಿ ನುಸುಳಿದನೋ, ನನ್ನ ಸೊಂಟವೇ ನೋಯತೊಡಗಿತು. ಜ್ಯೋತಿರಾಜ್ ಥರ ಗೋಡೆ ಹತ್ತಲಾ ಅಂತ ಕೇಳಿದಾಗ ಮಾತ್ರ ಕೈ ಹಿಡಿದುಕೊಂಡೆ. ಮೂರು ಗಂಟೆ ಸುತ್ತಿದೆವು. ಕಾಲು ನೋವು ಅಂದಿದ್ದು ನಾನು.

ಬೇಸಿಗೆಯಲ್ಲಿ ಹೀಗೆ ಹೋಗಬೇಡಿ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಆ ಬಂಡೆಗಳು ಹೆಂಚಾಗಿರುತ್ತವೆ. ಆಗ ಹೊರಗಿನ ಆಟ ಏನಿದ್ದರೂ ಬೆಳಗಿನ ಹೊತ್ತು, ಇಲ್ಲವೇ ಸಂಜೆ ಐದೂವರೆ ಮೇಲೆ.

ಗರಡಿಮನೆ ವಿಚಾರ. ದಾವಣಗೆರೆ ಕುಸ್ತಿಯ ಊರು, ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡುತ್ತಾ ಬೆಳೆದ ಅಪ್ಪನಿಗೆ ಆ ಆಸೆ ಇರೋದು ಸಹಜ. ಆದರೆ ನೊಂದು ಕೂತ ಹುಡುಗನನ್ನು ನೇರವಾಗಿ ಅಖಾಡಕ್ಕೆ ಇಳಿಸಬೇಡಿ. ಒಂದು ಸಂಜೆ ಅಪ್ಪ ಅವನನ್ನು ಸುಮ್ನೆ ನೋಡೋಕೆ ಕರೆದುಕೊಂಡು ಹೋಗಲಿ. ಅದಕ್ಕಿಂತ ಮೊದಲು ಅಪ್ಪನೇ ಮನೆಯಲ್ಲಿ ಹತ್ತು ದಂಡ, ಇಪ್ಪತ್ತು ಬಸ್ಕಿ ಹೊಡೆಯಲಿ. ಮಗ ಮೂರನೇ ದಿನಕ್ಕೆ ಬೆನ್ನ ಮೇಲೆ ಹತ್ತದಿದ್ದರೆ ನನ್ನನ್ನು ಕೇಳಿ. ಮೊಬೈಲನ್ನು ಕಿತ್ತುಕೊಳ್ಳಬೇಡಿ, ಸರದಿ ಬದಲಿಸಿ: ಬಂದ ಮೇಲೆ ತಿಂಡಿ, ಆಮೇಲೆ ಅರ್ಧ ಗಂಟೆ ಹೊರಗೆ, ಮೊಬೈಲ್ ಅದರ ನಂತರ.

ಒಂದು ಎಚ್ಚರ. ಓಡಿದಾಗ ಎದೆ ನೋವು, ಸುಯ್ಯನೆ ಉಸಿರು, ತಲೆಸುತ್ತು ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಎರಡು ವಾರ ಕಳೆದರೂ ಆಟ ಮಾತ್ರವಲ್ಲ, ಊಟ, ಗೆಳೆಯರು, ಇಷ್ಟದ ಕಾರ್ಟೂನ್ ಯಾವುದೂ ಬೇಡವಾದರೆ, ‘ನಾನು ಇರಬಾರದಿತ್ತು’ ಅನ್ನುವಂಥ ಮಾತು ಒಂದೇ ಸಲ ಬಂದರೂ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸೈಕಲ್. ಕೊಡಿಸಿ. ಗೇರಿನದು ಬೇಡ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಬೇಕು. ಹೇಗೂ ಬೆಳೀತಾನೆ ಅಂತ ದೊಡ್ಡದು ತಂದರೆ ಎರಡು ಸಲ ಬಿದ್ದು ಮೂಲೆಗೆ ನಿಲ್ಲಿಸುತ್ತಾನೆ. ಹೆಲ್ಮೆಟ್ ಅದೇ ದಿನ ತನ್ನಿ. ಮೊದಲ ಕೆಲವು ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಕಡೆ ನೀವಿಬ್ಬರಲ್ಲಿ ಒಬ್ಬರು ಜೊತೆಗಿರಿ. ಬಣ್ಣ ಅವನೇ ಆರಿಸಲಿ. ಅದಕ್ಕೆ ಅವನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಸ್ಕೂಟರ್ ಮನೆಯಲ್ಲೇ ಬಿಟ್ಟು.