ಪದ ಪರಿಚಯ: ನ್ಯೂ ವೇವ್ (ಜೊತೆಗೆ ಬ್ಲಾಂಡಿ ವಾಪಸ್ ಬಂದ ಕಥೆ)

ಹೊಸ ಅಲೆ ಅಂದ ತಕ್ಷಣ ನಮಗೆ ನೆನಪಾಗುವುದು ಎಪ್ಪತ್ತರ ದಶಕದ ಕನ್ನಡ ಸಿನಿಮಾ. ಪಾಶ್ಚಾತ್ಯ ಸಂಗೀತದವರು ‘ನ್ಯೂ ವೇವ್’ ಅನ್ನುವುದು ಬೇರೆಯದನ್ನೇ. ಹೆಸರು ಮಾತ್ರ ಎರಡು ಕಡೆಗೂ ಫ್ರಾನ್ಸಿನ ಸಿನಿಮಾದಿಂದಲೇ ಬಂದದ್ದು.

ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕಿನ ಬೋವರಿ ಬೀದಿಯಲ್ಲಿ ಸಿಬಿಜಿಬಿ ಎಂಬ ಕ್ಲಬ್ ಇತ್ತು. ಅಲ್ಲಿ ಒಂದಷ್ಟು ಹೊಸ ಬ್ಯಾಂಡುಗಳು ಜೋರಾಗಿ ಗಿಟಾರ್ ಬಾರಿಸುತ್ತಿದ್ದವು. ಅದಕ್ಕೆ ಪಂಕ್ ಎಂಬ ಹೆಸರು ಬಿತ್ತು. ಪಂಕ್ ಅಂದರೆ ಅಮೆರಿಕದ ರೇಡಿಯೊದವರು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಸೈರ್ ರೆಕಾರ್ಡ್ಸ್‌ನ ಸೀಮೋರ್ ಸ್ಟೈನ್‌ಗೆ ಇಂಥ ಬ್ಯಾಂಡುಗಳ ರೆಕಾರ್ಡ್ ಮಾರಬೇಕಿತ್ತಲ್ಲ, 1977ರಲ್ಲಿ ಅವರು ಪಂಕ್ ಅನ್ನಬೇಡಿ, ನ್ಯೂ ವೇವ್ ಅನ್ನಿ ಎಂದು ಪ್ರಚಾರಕ್ಕೇ ಇಳಿದರು. ಅಂದರೆ ಇದು ವ್ಯಾಪಾರಕ್ಕೆ ಅಂಟಿಸಿದ ಲೇಬಲ್.

ಹಾಗಾಗಿ ನ್ಯೂ ವೇವ್ ಎಂದರೆ ಇಂಥದೇ ರಾಗ, ಇಂಥದೇ ತಾಳ ಅಂತ ಹೇಳಲು ಆಗುವುದಿಲ್ಲ. ಟಾಕಿಂಗ್ ಹೆಡ್ಸ್, ಡೀವೊ, ದಿ ಕಾರ್ಸ್, ಇಂಗ್ಲೆಂಡಿನ ದಿ ಪೊಲೀಸ್, ಒಬ್ಬರ ಹಾಡು ಇನ್ನೊಬ್ಬರ ಹಾಗಿಲ್ಲ. ನನ್ನ ಪ್ರಕಾರ ಅದೊಂದು ಧೋರಣೆ. ಪಂಕ್ ಗೆಳೆಯರ ನಡುವೆ ಬೆಳೆದರೂ ಒಳ್ಳೆಯ ಪಾಪ್ ಹಾಡು ಮಾಡಲು ನಾಚಿಕೆ ಪಡಲಿಲ್ಲ. ಡಿಸ್ಕೊ, ಜಮೈಕಾದ ತಾಳ, ಸಿಂಥಸೈಜರ್, ಎಲ್ಲಿ ಏನು ಚೆನ್ನಾಗಿ ಕಂಡರೂ ಎತ್ತಿಕೊಂಡರು.

ಇದು ಅರ್ಥವಾಗಬೇಕಾದರೆ ಬ್ಲಾಂಡಿ ಕೇಳಬೇಕು. ಗಾಯಕಿ ಡೆಬಿ ಹ್ಯಾರಿ ಮತ್ತು ಗಿಟಾರಿನ ಕ್ರಿಸ್ ಸ್ಟೈನ್ 1974ರಲ್ಲಿ ಕಟ್ಟಿದ ಬ್ಯಾಂಡ್ ಅದು. (ಸೀಮೋರ್ ಸ್ಟೈನ್‌ಗೂ ಇವರಿಗೂ ನೆಂಟಸ್ತಿಕೆ ಇಲ್ಲ.) ಅವರ ಹತ್ತಿರ ಹಳೆಯದೊಂದು ಹಾಡಿತ್ತು. ಬ್ಯಾಂಡಿನವರು ತಮ್ಮತಮ್ಮಲ್ಲಿ ಅದನ್ನು ಡಿಸ್ಕೊ ಹಾಡು ಅನ್ನುತ್ತಿದ್ದರು. 1978ರಲ್ಲಿ ನಿರ್ಮಾಪಕ ಮೈಕ್ ಚಾಪ್ಮನ್ ಕೈಗೆ ಸಿಕ್ಕಾಗ ಅದು ‘ಹಾರ್ಟ್ ಆಫ್ ಗ್ಲಾಸ್’ ಆಯಿತು. ಶುರುವಿನಲ್ಲಿ ಕೇಳುವ ಆ ಪುಟ್ಟ ಟಿಕ್-ಟಿಕ್ ತಾಳ ರೋಲ್ಯಾಂಡ್ ಸಿಆರ್-78 ಎಂಬ ಯಂತ್ರದ್ದು. ಅದರ ಮೇಲೆ ಕ್ಲೆಮ್ ಬರ್ಕ್ ನಿಜವಾದ ಡ್ರಮ್ ನುಡಿಸಿದ್ದಾರೆ. ಈಗ ಫೋನಿನಲ್ಲೇ ಆಗುವ ಕೆಲಸ. ಆಗ ಯಂತ್ರಕ್ಕೂ ಮನುಷ್ಯನಿಗೂ ಲಯ ಕೂಡಿಸುವಷ್ಟರಲ್ಲಿ ಸುಸ್ತಾಗಿಬಿಡುತ್ತಿತ್ತು. ಪಂಕ್ ಕಡೆಯವರು ಇವರು ಡಿಸ್ಕೊಗೆ ಮಾರಿಕೊಂಡರು ಅಂದರು. ಹಾಡು 1979ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಒಂದನೇ ಸ್ಥಾನಕ್ಕೆ ಹೋಯಿತು. ಎರಡು ವರ್ಷದ ನಂತರ ‘ರ್‍ಯಾಪ್ಚರ್’ ಹಾಡಿನಲ್ಲಿ ಹ್ಯಾರಿ ರ್‍ಯಾಪ್ ಮಾಡಿದರು. ರ್‍ಯಾಪ್ ಇದ್ದ ಹಾಡೊಂದು ಅಮೆರಿಕದ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು.

1982ಕ್ಕೆ ಎಲ್ಲ ಕೆಟ್ಟಿತು. ಆಲ್ಬಂ ಅಷ್ಟಾಗಿ ಮಾರಲಿಲ್ಲ. ಸ್ಟೈನ್‌ಗೆ ಮೈಮೇಲೆ ಗುಳ್ಳೆ ಏಳುವ ಪೆಂಫಿಗಸ್ ಎಂಬ ಅಪರೂಪದ ಕಾಯಿಲೆ ಬಂತು. ಆಗ ಅವರ ಸಂಗಾತಿಯಾಗಿದ್ದ ಹ್ಯಾರಿಯೇ ನಿಂತು ಆರೈಕೆ ಮಾಡಿದರು. ಮುರಿದುಬಿತ್ತು ಅನ್ನಲು ಮುಜುಗರವಾದಾಗ ಬ್ಯಾಂಡಿನವರು ‘ಹಯೇಟಸ್’ ಅನ್ನುತ್ತಾರೆ, ಅಂದರೆ ಸದ್ಯಕ್ಕೆ ಬಿಡುವು. ಬ್ಲಾಂಡಿಗೆ ಆ ನೆಪವೂ ಇರಲಿಲ್ಲ, ನೇರವಾಗಿ ಮುರಿದೇ ಬಿತ್ತು.

ಮತ್ತೆ ಸೇರಿದ್ದು 1997ರಲ್ಲಿ. ಹೊಸ ಆಲ್ಬಂ ‘ನೋ ಎಗ್ಸಿಟ್’ ಬಂದದ್ದು 1999ರಲ್ಲಿ, ಹಿಂದಿನದಾದ 17 ವರ್ಷಕ್ಕೆ. ಅದರಲ್ಲಿ ಕೀಬೋರ್ಡಿನ ಜಿಮ್ಮಿ ಡೆಸ್ಟ್ರಿ ಬರೆದ ‘ಮರಿಯಾ’ ಎಂಬ ಹಾಡಿದೆ. ಆ ಫೆಬ್ರವರಿಯಲ್ಲಿ ಅದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿತು. ‘ಹಾರ್ಟ್ ಆಫ್ ಗ್ಲಾಸ್’ ಅಲ್ಲಿ ಅದೇ ಜಾಗದಲ್ಲಿದ್ದದ್ದು 1979ರ ಫೆಬ್ರವರಿ, ಸರಿಯಾಗಿ 20 ವರ್ಷದ ಹಿಂದೆ. ಹ್ಯಾರಿಗೆ ಆಗ 53. ಹಾಡು ಕೇಳಿದರೆ ವಯಸ್ಸಿನ ಯೋಚನೆಯೇ ಬರುವುದಿಲ್ಲ. ಗಿಟಾರ್ ಶುರುವಾಗುತ್ತದೆ, ಪಲ್ಲವಿ ಬರುವಷ್ಟರಲ್ಲಿ ನೀವೂ ಗುನುಗುತ್ತಿರುತ್ತೀರಿ, ಅಷ್ಟೇ.

ಹಳೆ ಬ್ಯಾಂಡ್ ವಾಪಸ್ ಬರುವುದು ಈಗ ಮಾಮೂಲಿ. ದಿ ಪೊಲೀಸ್ ಕೂಡ 2007ರಲ್ಲಿ ಒಂದಾಗಿ ಮುಂದಿನ ವರ್ಷದವರೆಗೆ ಊರೂರು ಸುತ್ತಿದರು. ಹೊಸ ಆಲ್ಬಂ ಮಾತ್ರ ಮಾಡಲಿಲ್ಲ, ಹಾಡಿದ್ದೆಲ್ಲ ಹಳೆಯವೇ. ಜನ ತುಂಬಿದರು, ಖುಷಿಪಟ್ಟರು, ಅದರಲ್ಲಿ ತಪ್ಪೇನೂ ಇಲ್ಲ. ದಿ ಕಾರ್ಸ್ 24 ವರ್ಷದ ನಂತರ, 2011ರಲ್ಲಿ ಹೊಸ ಆಲ್ಬಂ ತಂದರು. ಆದರೆ ಅವರ ಇಬ್ಬರು ಗಾಯಕರಲ್ಲಿ ಒಬ್ಬರಾದ ಬೆಂಜಮಿನ್ ಆರ್ 2000ದಲ್ಲೇ ತೀರಿಕೊಂಡಿದ್ದರು. ಆ ಖಾಲಿ ಜಾಗ ಆಲ್ಬಂನಲ್ಲಿ ಕೇಳಿಸುತ್ತದೆ. ಬ್ಲಾಂಡಿಯದ್ದೇ ನನಗೆ ಜಾಸ್ತಿ ಇಷ್ಟ. ಹಳೆಯದನ್ನು ನೆನಪಿಸಿ ಚಪ್ಪಾಳೆ ಕೇಳಲಿಲ್ಲ, ಹೊಸ ಹಾಡು ಮುಂದಿಟ್ಟರು.

ಹಾಗಂತ ವಾಪಸ್ ಬಂದದ್ದು ಸಲೀಸಾಗೇನೂ ಅಲ್ಲ. ಹಳೆ ಸದಸ್ಯರಾದ ಫ್ರಾಂಕ್ ಇನ್ಫಾಂಟೆ ಮತ್ತು ನೈಜೆಲ್ ಹ್ಯಾರಿಸನ್ ತಮ್ಮನ್ನು ಕರೆಯಲಿಲ್ಲವೆಂದು ಕೋರ್ಟಿಗೆ ಹೋಗಿ ಸೋತರು. 2006ರಲ್ಲಿ ಬ್ಲಾಂಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದಾಗ ಎಲ್ಲರೂ ಒಂದೇ ವೇದಿಕೆ ಹತ್ತಿದರು. ಇನ್ಫಾಂಟೆ ಮೈಕಿನಲ್ಲೇ ನಮ್ಮನ್ನೂ ನುಡಿಸಲು ಬಿಡಿ ಎಂದು ಕೇಳಿದರು. ಹ್ಯಾರಿ ಅಲ್ಲೇ, ಎಲ್ಲರ ಎದುರಿಗೇ, ಆಗಲ್ಲ ಅಂದುಬಿಟ್ಟರು.